ತಂತಿ ಮಾವನ ಸಮಜಾಯಿಷಿ

ನನ್ನ ಸೋದರಮಾವನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ತಂತಿ ಮಾವ. ಹಿಂದೆ ತಂತಿ ಸಂದೇಶ ಕಳಿಸುವವರು ಎರಡು ಪದದಲ್ಲಿ ಸುದ್ದಿ ಮುಗಿಸುತ್ತಿದ್ದರಲ್ಲ, ಮಾವನ ಮಾತೂ ಹಾಗೆಯೇ. ಬಂದೆ. ಉಂಡೆ. ಹೊರಟೆ. ಮದುವೆಯಾದ ಹೊಸದರಲ್ಲಿ ಅತ್ತೆ, ಗಂಡನಿಗೆ ತನ್ನ ಮೇಲೆ ಸಿಟ್ಟೆಂದು ಆರು ತಿಂಗಳು ಕಣ್ಣೀರು ಹಾಕಿದ್ದಳಂತೆ.

ಮಾವ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್. ಕೆಲಸಕ್ಕೆ ಸೇರಿದ ದಿನ ಹಳೆಯ ಮೇಸ್ತ್ರಿಯೊಬ್ಬ ಲಾಗ್‌ಬುಕ್ ಕೈಗಿಟ್ಟು, ಗಂಟೆ ಬರಿ, ಆಗಿದ್ದು ಬರಿ, ನೆಪ ಬರೀಬೇಡ ಎಂದಿದ್ದನಂತೆ. ಮಾವನಿಗೆ ಅದೇ ವೇದವಾಕ್ಯವಾಯಿತು. ಮೂವತ್ತೊಂದು ವರ್ಷ ಅವನು ತುಂಬಿಸಿದ ಪುಸ್ತಕಗಳಲ್ಲಿ ಒಂದು 'ಆದರೆ' ಇಲ್ಲ, ಒಂದು 'ಏಕೆಂದರೆ' ಇಲ್ಲ. ಅವೆಲ್ಲ ತಪ್ಪಿಸಿಕೊಳ್ಳುವವರ ಪದಗಳೆಂದು ಅವನ ನಂಬಿಕೆ.

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ದೊಡ್ಡ ಮೋಟಾರು ಸುಟ್ಟುಹೋಯಿತು. ಅರ್ಧ ಊರಿಗೆ ಎರಡು ದಿನ ನೀರಿಲ್ಲ. ಆ ಬೆಳಗಿನ ಲಾಗ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟು: "೯.೧೦ ಮೋಟಾರಿನಲ್ಲಿ ಸದ್ದು. ಫೋನ್ ಮಾಡಿದೆ. ೯.೪೦ ಹೊಗೆ. ನಿಲ್ಲಿಸಿದೆ." ಮೇಲಿನ ಕಚೇರಿಯವರಿಗೆ ಅದರಲ್ಲಿ ಕಂಡದ್ದು, ಸದ್ದು ಕೇಳಿಯೂ ಅರ್ಧ ಗಂಟೆ ಸುಮ್ಮನೆ ಕೂತ ಮುದುಕ. ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಅಮಾನತು ಎಂದು ನೋಟಿಸು ಬಂತು.

ಅತ್ತೆ ನನಗೆ ಫೋನ್ ಮಾಡುವಷ್ಟರಲ್ಲಿ ಆರು ದಿನ ಕಳೆದಿತ್ತು. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು, ಹರಿದ ವಾಕ್ಯ ಹೊಲಿಯುವುದೇ ನನ್ನ ಹೊಟ್ಟೆಪಾಡು. ಹೋಗಿ ನೋಡಿದರೆ ಮಾವ ಬರೆದಿಟ್ಟ ಸಮಜಾಯಿಷಿ ಲಾಗ್‌ಬುಕ್ಕಿನ ಅದೇ ಮಾತು, ಕೆಳಗೆ ಸಹಿ. ನನಗೆ ಮೈಯೆಲ್ಲ ಉರಿಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಈ ಮನುಷ್ಯ ತುಂಬಿದ ತೊಟ್ಟಿಯ ಪಕ್ಕದಲ್ಲೇ ಬಾಯಾರಿ ಸಾಯುವವನು.

ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದೆ. ಅವನ ಸಾಲುಗಳನ್ನು ನಡುನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಬರೆದು, ಆ ಖಾಲಿ ಜಾಗಕ್ಕೆ ಬೆರಳಿಟ್ಟು ಕೇಳುತ್ತ ಹೋದೆ. ಸದ್ದು ಬಂದ ಕೂಡಲೇ ಏಕೆ ನಿಲ್ಲಿಸಲಿಲ್ಲ? ಮಾವ ಗೋಡೆ ನೋಡಿದ. ಫೋನ್ ಮಾಡಿದ್ದು ಯಾರಿಗೆ? ಎಂಜಿನಿಯರಿಗೆ. ಅವರೇನೆಂದರು? ಮತ್ತೆ ಗೋಡೆ. ಅತ್ತೆ ಸೌಟು ಹಿಡಿದುಕೊಂಡೇ ಬಂದು ಎದುರಿಗೆ ನಿಂತಳು. ಆಗ ಹೊರಬಿತ್ತು: ಆಸ್ಪತ್ರೆಯ ತೊಟ್ಟಿ ಖಾಲಿಯಾಗಿತ್ತು, ಅದು ತುಂಬುವವರೆಗೆ ಪಂಪು ನಿಲ್ಲಿಸಬೇಡ ಎಂದು ಎಂಜಿನಿಯರೇ ಹೇಳಿದ್ದರು. ಮಾರನೆಯ ದಿನ ಅವರು ರಜೆಯ ಮೇಲೆ ಹೋಗಿದ್ದರಿಂದ ಅವರನ್ನು ಯಾರೂ ಕೇಳಿರಲಿಲ್ಲ.

"ಇದನ್ನ ಯಾಕೆ ಬರೀಲಿಲ್ಲ ಮಾವ?"

"ನೆಪ ಆಗುತ್ತೆ."

"ನಡೀದೇ ಇದ್ದಿದ್ದು ಬರೆದ್ರೆ ನೆಪ. ಇದು ನಡೆದಿದ್ದು. ಇದನ್ನ ಬಿಟ್ರೆ ಆ ಲಾಗ್‌ಬುಕ್ಕೇ ಸುಳ್ಳು ಹೇಳಿದ ಹಾಗೆ."

ಲಾಗ್‌ಬುಕ್ಕು ಸುಳ್ಳು ಎಂದದ್ದು ಅವನಿಗೆ ನಾಟಿತು. ಕಾಗದ ತನ್ನತ್ತ ಎಳೆದುಕೊಂಡು, ಪೆನ್ನು ತಾನೇ ತೆಗೆದುಕೊಂಡ. ಮೊದಲ ಖಾಲಿ ಜಾಗದಲ್ಲಿ ಹೊಸ ಚಪ್ಪಲಿ ಮೆಟ್ಟಿದವನಂತೆ ತಡವರಿಸಿದ, ಆಮೇಲೆ ಕೈ ಓಡಿತು. "ಮೋಟಾರಿನಲ್ಲಿ ಸದ್ದು ಬಂತು. ಆದ್ದರಿಂದ ಕೂಡಲೇ ಎಂಜಿನಿಯರಿಗೆ ಫೋನ್ ಮಾಡಿದೆ. ಆದರೆ ಆಸ್ಪತ್ರೆಗೆ ನೀರು ಬೇಕಾಗಿದ್ದುದರಿಂದ ನಿಲ್ಲಿಸಬೇಡ ಎಂದರು. ಆದರೂ ಹೊಗೆ ಕಂಡೊಡನೆ ಅವರ ಮಾತು ಮೀರಿ ನಿಲ್ಲಿಸಿದೆ. ಇಲ್ಲದಿದ್ದರೆ ಬೆಂಕಿ ಹತ್ತುತ್ತಿತ್ತು." ನಾನು ಒಂದಕ್ಷರ ತಿದ್ದಲಿಲ್ಲ.

ರಜೆ ಮುಗಿಸಿ ಬಂದ ಎಂಜಿನಿಯರು ಒಳ್ಳೆಯವರು, ಹೌದು, ನಾನೇ ಹೇಳಿದ್ದು ಎಂದು ಒಪ್ಪಿಕೊಂಡರು. ನೋಟಿಸು ಹಿಂದಕ್ಕೆ ಪಡೆದ ಪತ್ರ ಬಂದ ದಿನ ಅತ್ತೆ ಅದನ್ನು ಫೋನಿನಲ್ಲಿ ಎರಡು ಸಲ ಓದಿದಳು. ಹೋದ ಜೀವ ಬಂದಂತಾಯಿತು ಕಣೇ ಎಂದು ಅಳುವುದಕ್ಕೇ ಶುರುಮಾಡಿದಳು. ನನಗೂ ಅಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿಯಿತು.

ಆ ಭಾನುವಾರ ಮಾವ ಒಬ್ಬನೇ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

"ನೋಟಿಸು ಹೋಯ್ತು. ನಿದ್ದೆ ಬಂತು."

ಮಾತು ಮುಗಿಯಿತೆಂದು ನಾನು ಕುರ್ಚಿ ತರಲು ತಿರುಗಿದೆ. ಮಾವ ಇನ್ನೂ ಗೋಡೆ ನೋಡುತ್ತಿದ್ದ.

"ಯಾಕಂದ್ರೆ," ಎಂದ, "ನೀನು ಬಂದೆ."