ಅಡುಗೆಮನೆಗೊಂದು ಕಬ್ಬಿನ ಗಾಣ

ಪೊಂಗಲ್ ಹಬ್ಬ ಮುಗಿದ ಮೇಲೆ ಮದರಾಸಿನ ಮನೆಗಳಲ್ಲಿ ಅತ್ಯಂತ ಅವಜ್ಞೆಗೆ ಗುರಿಯಾಗುವ ವಸ್ತು ಯಾವುದೆಂದು ಕೇಳಿದರೆ, ಬಾಲ್ಕನಿಯ ಮೂಲೆಗೆ ಒರಗಿಸಿಟ್ಟ ಕಬ್ಬಿನ ಜಲ್ಲೆಗಳು ಎಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ. ಹಬ್ಬದ ದಿನ ಪೂಜೆಯ ಇಕ್ಕೆಲಗಳಲ್ಲಿ ದ್ವಾರಪಾಲಕರ ಗಾಂಭೀರ್ಯದಿಂದ ನಿಂತು ಮಂಗಳಾರತಿ ಪಡೆದ ಆ ಕಪ್ಪು ಕಬ್ಬುಗಳು ಮರುದಿನವೇ ನೆಲ ಒರೆಸುವ ಕೋಲಿಗೂ ಬಕೆಟ್ಟಿಗೂ ಅಡ್ಡಿಯಾಗಿ, ಹೋಗುವವರ ಬರುವವರ ಮೊಣಕೈಗೆ ತಗುಲಿ ಬೈಸಿಕೊಳ್ಳುತ್ತವೆ. ಸಿಗಿದು ತಿನ್ನಲು ಹಿರಿಯರಿಗೆ ಹಲ್ಲಿಲ್ಲ. ಹಲ್ಲಿರುವ ಕಿರಿಯರಿಗೆ ವ್ಯವಧಾನವಿಲ್ಲ. ದಿನೇ ದಿನೇ ಒಣಗಿ, ಕಡೆಗೊಂದು ಬೆಳಗ್ಗೆ ಅವು ಮಾಂಬಲಂ ರೈಲು ನಿಲ್ದಾಣದ ಬಳಿ ಅಲೆಯುವ ಯಾವುದೋ ಹಸುವಿನ ಪಾಲಾಗುತ್ತವೆ.

ಬೇರೆಯವರಾಗಿದ್ದರೆ ಇಷ್ಟನ್ನು ನೋಡಿ ಸುಮ್ಮನಿರುತ್ತಿದ್ದರು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನಂಥವನಿಗೆ ಲೋಕದಲ್ಲಿ ಸಂಗತಿಗಳೆಂಬವು ಇರುವುದಿಲ್ಲ, ವಿಷಯಗಳು ಮಾತ್ರ ಇರುತ್ತವೆ. ಪ್ರತಿಯೊಂದು ವಿಷಯವೂ ಯಾರಾದರೂ ಎದ್ದು ನಿಂತು ಮಂಡಿಸಲಿ ಎಂದು ಕಾಯುತ್ತಿರುತ್ತದೆ. ತೆಂಗಿನಕಾಯಿಗೆ ತುರಿಮಣೆ ಇದೆ, ಶಾವಿಗೆಗೆ ಒತ್ತುಮಣೆ ಇದೆ, ಕಿತ್ತಳೆಗೆ ಹಿಂಡುವ ಬಟ್ಟಲಿದೆ. ಭಾರತದ ಅಡುಗೆಮನೆಯಲ್ಲಿ ಕಬ್ಬಿಗೆ ಮಾತ್ರ ಏಕೆ ಸ್ಥಾನವಿಲ್ಲ? ಈ ಪ್ರಶ್ನೆ ಒಂದು ಮಧ್ಯಾಹ್ನ ನನ್ನೊಳಗೆ ಎದ್ದಿತು, ಮತ್ತೆ ಕೂರಲಿಲ್ಲ. ಮಿಕ್ಸಿಯ ಬೆಲೆಯನ್ನು ಮೀರದ, ವಿದ್ಯುತ್ತನ್ನು ಬೇಡದ, ಮೇಜಿನ ಅಂಚಿಗೆ ಬಿಗಿದು ಕೈಯಿಂದ ತಿರುಗಿಸಬಹುದಾದ ಒಂದು ಪುಟ್ಟ ಗಾಣವನ್ನು ಮಧ್ಯಮವರ್ಗಕ್ಕೆ ದಯಪಾಲಿಸಲು ನಾನು ಸಂಕಲ್ಪಿಸಿದೆ. ಅದಕ್ಕೆ 'ಗೃಹಗಾಣ' ಎಂದು ನಾಮಕರಣವನ್ನೂ ಮಾಡಿದೆ. ಯಂತ್ರ ಹುಟ್ಟುವ ಮೊದಲೇ ಹೆಸರಿಡುವುದು ಸುಧಾರಕರ ಹಳೆಯ ಚಾಳಿ.

"ಗಾಣ ಅಂದ್ಮೇಲೆ ಎತ್ತೊಂದು ಬೇಕಲ್ಲ," ಎಂದಳು ನನ್ನ ಹೆಂಡತಿ, ಹುರುಳಿಕಾಯಿ ಸೋಸುತ್ತ. "ಅದೇನು ಬಿಡಿ, ಮನೇಲೇ ಇದೆ."

ಈ ಸಂಕಲ್ಪದ ಹಿಂದೆ ಒಂದು ಆತ್ಮೀಯ ಕಾರಣವೂ ಇತ್ತು. ನಮ್ಮೊಡನೆ ನನ್ನ ಸೋದರತ್ತೆ, ತಂದೆಯ ತಂಗಿ ಕಮಲತ್ತೆ, ಇದ್ದಾರೆ. ಮೈಸೂರಿನಿಂದ ಮದುವೆಯಾಗಿ ಈ ಊರಿಗೆ ಬಂದವರು ಇಲ್ಲಿಯೇ ಮುದುಕಿಯಾದರು. ಮನೆಯೊಳಗಿನ ಕನ್ನಡ ಮೈಸೂರಿನದೇ ಆಗಿ ಉಳಿದರೂ ತರಕಾರಿಯವರೊಡನೆ ಆಡುವ ತಮಿಳು ಅಪ್ಪಟ ಮಾಂಬಲಂ ಬೀದಿಯದು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಒಳಕೋಣೆ ಅವರದಾಯಿತು. ಅತ್ತೆ ಮಡಿಯ ಹೆಂಗಸು. ಕೋಲಿನಿಂದ ಎತ್ತಿ ಹರವಿದ ಸೀರೆ, ಬೇರೆಯಾಗಿ ಇಟ್ಟ ನೀರಿನ ಚೊಂಬು, ಹೊರಗಿನ ಅನ್ನವನ್ನು ಮುಟ್ಟದ ನಿಯಮ. ಅವರ ಕಿಟಕಿಗೆ ಬೀದಿಯ ತಿರುವಿನಲ್ಲಿ ನಿಲ್ಲುವ ಕಬ್ಬಿನ ಹಾಲಿನ ಗಾಡಿಯ ಸದ್ದು ಕೇಳಿಸುತ್ತದೆ. ಉರುಳೆಗೆ ಕಟ್ಟಿದ ಗೆಜ್ಜೆ, ಚಕ್ರ ತಿರುಗಿದಾಗಲೆಲ್ಲ ಘಲ್ಲೆನ್ನುತ್ತದೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಅತ್ತೆ ಓದುತ್ತಿದ್ದ ಸ್ತೋತ್ರವನ್ನು ನಿಲ್ಲಿಸಿ, "ಕಬ್ಬಿನ ಗಾಡಿ ಬಂತು ನೋಡೋ ವಾಸು," ಎನ್ನುತ್ತಿದ್ದರು. ಅಷ್ಟೇ. ಮತ್ತೆ ಸ್ತೋತ್ರ ಮುಂದುವರಿಯುತ್ತಿತ್ತು.

ಈ ಒಂದು ವಾಕ್ಯದಿಂದ ನಾನು ಒಂದು ಇಡೀ ವಾದವನ್ನು ಕಟ್ಟಿದೆ. ಅತ್ತೆಗೆ ಕಬ್ಬಿನ ಹಾಲಿನ ಆಸೆ, ಮಡಿ ಅಡ್ಡ. ಮಡಿಯನ್ನು ನಾನು ಸಭೆಗಳಲ್ಲಿ ಖಂಡಿಸಿದವನು; ಆದರೂ ವೃದ್ಧೆಯೊಬ್ಬಳ ನಂಬಿಕೆಯನ್ನು ಮುರಿಯುವುದು ಸಂಸ್ಕೃತಿಯಲ್ಲ. ಆದ್ದರಿಂದ ರಸವೇ ಮನೆಗೆ ಬರಲಿ. ಇಲ್ಲಿ ಸಂಪ್ರದಾಯಕ್ಕೂ ಗೌರವ, ನೈರ್ಮಲ್ಯಕ್ಕೂ ಗೌರವ, ಸಮನ್ವಯಕ್ಕೆ ಬಹುಮಾನ. ನಮ್ಮ ಕಾಲೇಜಿನಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಹೀಗೆ ಚೀಟಿಯ ಆದೇಶದಂತೆ ನಾನು ವಿಧವೆಯರ ಪರವಾಗಿ, ನೇಕಾರರ ಪರವಾಗಿ, ಒಮ್ಮೆ ಹುಲಿಗಳ ಪರವಾಗಿಯೂ ಕಂಠಶೋಷಣೆ ಮಾಡಿ ಬಹುಮಾನದ ಕಪ್ಪುಗಳನ್ನು ಗೆದ್ದಿದ್ದೇನೆ. ಹುಲಿಗಳನ್ನು ಕೇಳುವ ಅನುಕೂಲ ಇರಲಿಲ್ಲ ಎನ್ನಿ. ಒಳಕೋಣೆಯ ಅತ್ತೆಯನ್ನು ಕೇಳುವುದಕ್ಕೆ ಇದ್ದ ಅಡ್ಡಿಯಾದರೂ ಏನೆಂದು ಈಗ ಯೋಚಿಸಿದರೆ ಮುಖ ಬಿಸಿಯಾಗುತ್ತದೆ.

ಯಂತ್ರದ ಕತೆಯನ್ನು ಸಂಕ್ಷೇಪಿಸುತ್ತೇನೆ. ತಿರುವೊಟ್ಟಿಯೂರಿನ ಒಂದು ಲೇತ್ ಅಂಗಡಿಯಲ್ಲಿ ಎರಡು ಉಕ್ಕಿನ ಉರುಳೆಗಳನ್ನು ಕಡೆಸಿದೆ. ಮೊದಲನೆಯ ಮಾದರಿ ಕಬ್ಬನ್ನು ಕಚ್ಚಿಕೊಂಡಿತು, ಬಿಡಲಿಲ್ಲ. ಬಿಡಿಸಲು ಹೋದಾಗ ಮೇಜೇ ನನ್ನ ಹಿಂದೆ ನಡೆದು ಬಂತು. ಎರಡನೆಯದು ರಸವನ್ನು ಪಾತ್ರೆಯೊಂದನ್ನು ಬಿಟ್ಟು ಉಳಿದೆಲ್ಲ ದಿಕ್ಕುಗಳಿಗೂ ಹಂಚಿತು. ಇರುವೆಗಳು ನನ್ನ ಆವಿಷ್ಕಾರವನ್ನು ಮೊಟ್ಟಮೊದಲು ಮನ್ನಿಸಿದ ಸಮುದಾಯವಾದವು. ಹಲ್ಲುಚಕ್ರದ ಅಳತೆ ಬದಲಾಯಿತು, ಹಿಡಿಕೆ ಉದ್ದವಾಯಿತು, ಕಬ್ಬನ್ನು ಮೊದಲು ಉದ್ದಕ್ಕೆ ಸೀಳಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆಂದು ತಿಳಿಯಿತು. ಒಂದು ಪೊಂಗಲ್ ಕಳೆದು ಇನ್ನೊಂದು ಪೊಂಗಲ್ ಬಂತು. ಆರಂಭಿಸಿದಾಗ ಅತ್ತೆ ದಿನಾ ಸಂಜೆ ಒಬ್ಬರೇ ಮೆಟ್ಟಿಲಿಳಿದು ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಮೂರನೆಯ ಮಾದರಿಯ ಹೊತ್ತಿಗೆ ಅವರ ಮಂಡಿಗಳು ಕೈಕೊಟ್ಟಿದ್ದವು. ಏಕಾದಶಿಗೆ ಮಾತ್ರ ಇಳಿಯುತ್ತಿದ್ದರು, ಬರುಬರುತ್ತ ಅದೂ ನಿಂತಿತು. ಇದನ್ನು ನಾನು ಗಮನಿಸದೆ ಇರಲಿಲ್ಲ. ಗಮನಿಸಿ, ಗೃಹಗಾಣ ಇನ್ನೂ ಅವಶ್ಯಕವಾಯಿತೆಂದು ನನ್ನ ವಾದಕ್ಕೆ ಮತ್ತೊಂದು ಅಂಶವಾಗಿ ಸೇರಿಸಿಕೊಂಡೆ.

ಕಡೆಗೂ ಯಂತ್ರ ಸಿದ್ಧವಾಯಿತು. ಕಳೆದ ಬೇಸಗೆಯ ಒಂದು ಭಾನುವಾರ ಸಂಜೆ, ಕಟ್ಟಡದ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ನಿವಾಸಿಗಳನ್ನು ಸೇರಿಸಿ ಪ್ರಾತ್ಯಕ್ಷಿಕೆ ಏರ್ಪಡಿಸಿದೆ. ಎದುರುಮನೆಯವರಿಂದ ಮೈಕು ಎರವಲು ತಂದೆ. ಮೆಲ್ಲಗೆ ಮಾತಾಡಿದರೂ ಕೊನೆಯ ಪ್ಲಾಸ್ಟಿಕ್ ಕುರ್ಚಿಗೆ ಕೇಳಿಸುವಷ್ಟು ಚಿಕ್ಕ ಸಭೆಗೆ ಮೈಕೇಕೆಂದು ನನ್ನ ಹೆಂಡತಿ ಕೇಳಿದ್ದನ್ನು ಅಲಕ್ಷಿಸಿದೆ. ಅತ್ತೆಯನ್ನು ನಾನೂ ಅವಳೂ ಇಬ್ಬದಿಯಿಂದ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಇಳಿಸಿಕೊಂಡು ಬಂದೆವು. ಅತ್ತೆ ಹೊರಗೆ ಹೋಗುವಾಗಿನ ಅಂಚಿನ ಸೀರೆ ಉಟ್ಟಿದ್ದರು. ಅದು ನನ್ನ ಯಂತ್ರದ ಗೌರವಾರ್ಥವೆಂದು ಭಾವಿಸಿ ನನ್ನ ಹೃದಯ ತುಂಬಿ ಬಂತು.

ತಮಿಳಿನಲ್ಲಿ ಮಾತು ಶುರು ಮಾಡಿದೆ. ಬೀದಿಯ ಗಾಡಿಗಳ ತೊಳೆಯದ ಲೋಟಗಳು, ಎಲ್ಲಿಯದೋ ನೀರಿನ ಐಸು, ಯಾರುಯಾರದೋ ಕೈ, ನೊಣ, ಧೂಳು – ಒಂದನ್ನೂ ಬಿಡಲಿಲ್ಲ. ವಿರೋಧಪಕ್ಷದವರು ಯಾರೂ ಇಲ್ಲದ ಚರ್ಚೆಯಲ್ಲಿ ಮಾತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದು ಅನುಭವಿಗಳಿಗೆ ಗೊತ್ತು. ಅನಂತರ ಕರುಣರಸಕ್ಕೆ ಹೊರಳಿ, ಮುಂದಿನ ಸಾಲಿನಲ್ಲಿದ್ದ ಅತ್ತೆಯತ್ತ ಕೈ ಚಾಚಿ, "ಇಗೋ ನೋಡಿ, ಈ ತಾಯಿ ಈ ಊರಿಗೆ ಕಾಲಿಟ್ಟಂದಿನಿಂದ ಇಂದಿನವರೆಗೆ, ಆಚಾರದ ಕಾರಣದಿಂದ, ಒಂದೇ ಒಂದು ಲೋಟ ಕಬ್ಬಿನ ಹಾಲನ್ನು ಕುಡಿಯಲಾಗದೆ ಬದುಕಿದ್ದಾರೆ," ಎಂದು ಹೇಳಿ ನಿಲ್ಲಿಸಿದೆ. ಇಂಥ ಮಾತಿನ ತರುವಾಯ ಒಂದು ಮೌನ ಬಿಡಬೇಕು. ಅದು ಶ್ರೋತೃಗಳ ಹೃದಯಕ್ಕೆ ಇಳಿಯಲು ಕೊಡುವ ಅವಕಾಶ. ಆ ಅವಕಾಶದಲ್ಲಿ, ಪಕ್ಕದ ಕುರ್ಚಿಯ ಹೆಂಗಸಿಗೆ ಅತ್ತೆ ಮೆಲ್ಲಗೆ ತಮಿಳಿನಲ್ಲಿ ಹೇಳಿದ್ದು ಇಡೀ ಸಭೆಗೆ ಕೇಳಿಸಿತು.

"ನಾನು ಕುಡಿಯಲ್ಲ ಅಂತ ಯಾವಾಗ ಹೇಳಿದೆ? ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ."

ಜನ ನಕ್ಕರು. ದುರುದ್ದೇಶದ ನಗುವಲ್ಲ, ಭಾನುವಾರದ ಸಂಜೆಯ ನಗು. ನಾನೂ ನಕ್ಕೆ, ಗಾಣ ತಿರುಗಿಸಿದೆ, ರಸ ಇಳಿಯಿತು, ಚಪ್ಪಾಳೆಯೂ ಆಯಿತು. ಅತ್ತೆ ಮೊದಲನೆಯ ಲೋಟ ತೆಗೆದುಕೊಂಡು ಎರಡು ಗುಟುಕು ಕುಡಿದು, "ಚೆನ್ನಾಗಿದೆ," ಎಂದರು, ನೆಂಟರ ಮನೆಯ ಕಾಫಿಗೆ ಹೇಳುವ ಹಾಗೆ. ಇದಕ್ಕೆ ಮೋಟಾರು ಕೂರಿಸಲಾಗದೇ ಎಂದು ಒಬ್ಬರು ಕೇಳಿದರು. ಎಲ್ಲರೂ ಹೋದರು. ಹೆಂಡತಿ ಲೋಟಗಳನ್ನು ತೊಳೆಯಲು ಮೇಲೆ ಹೋದಳು. ಗಾಣ, ಸಿಪ್ಪೆಯ ರಾಶಿ, ಅತ್ತೆ, ನಾನು ಉಳಿದೆವು.

ಆಗ ಮೊಟ್ಟಮೊದಲ ಬಾರಿಗೆ ಕೇಳಿದೆ. "ಮಡಿ ಅಲ್ಲವೇ ಅತ್ತೆ?"

"ಕಬ್ಬಿಗೆಂಥ ಮಡಿಯೋ? ಅನ್ನವೇ, ಬೇಯಿಸಿದ್ದೇ? ದೇವರಿಗೇ ಅಭಿಷೇಕ ಮಾಡ್ತಾರೆ."

ಬೇಯಿಸಿದ ಅನ್ನಕ್ಕೆ ಒಂದು ಕಟ್ಟಳೆ, ಹಣ್ಣುಹಂಪಲಿಗೆ ಇನ್ನೊಂದು ಎಂಬುದು ನಮ್ಮ ಮನೆತನಗಳ ಮಕ್ಕಳಿಗೂ ಗೊತ್ತಿರುವ ಸಂಗತಿ. ಮಡಿಯ ವಿರುದ್ಧ ಅಷ್ಟು ವರ್ಷ ಮಾತಾಡಿದ ನನಗೆ ಅದು ಏನನ್ನು ತಡೆಯುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಆದರೂ ಸೋಲನ್ನು ಒಪ್ಪದ ಅಭ್ಯಾಸಬಲದಿಂದ, "ಐಸು? ಅದರಲ್ಲಿ ನೀರಿರತ್ತಲ್ಲ?" ಎಂದೆ.

"ಐಸಿನ ವಿಷಯ ನಾನೂ ದೇವರೂ ಮಾತಾಡ್ಕೋತೀವಿ. ನೀನು ಮಧ್ಯ ಬರಬೇಡ."

ಆಮೇಲೆ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದ್ದು ಇಷ್ಟು. ಹೊಸದಾಗಿ ಬಂದ ದಿನಗಳಲ್ಲಿ ನಿಲ್ದಾಣದ ಬಳಿ ಇಂಥದೊಂದು ಗಾಡಿ ನಿಲ್ಲುತ್ತಿತ್ತಂತೆ. ಮಾವ ಮುಂದೆ, ಇವರು ಹಿಂದೆ. ಒಮ್ಮೆ ಇವರು ನಿಂತು ನೋಡಿದರಂತೆ. ಬೀದಿಯಲ್ಲಿ ನಿಂತು ಕುಡಿಯುವುದು ಮನೆತನದ ಹೆಂಗಸರಿಗೆ ಒಪ್ಪುವುದಿಲ್ಲವೆಂದು ಮಾವ ತಿರುಗಿ ನೋಡದೆಯೇ ಹೇಳಿದರಂತೆ. "ಆಗ ಅವರು ಮರ್ಯಾದೆ ಅಂದ್ರು, ಆಮೇಲೆ ನೀನು ಮಡಿ ಅಂದೆ, ಈಗ ನೈರ್ಮಲ್ಯ ಅಂತೀಯ. ನಾನೇನೂ ಅನ್ನಲಿಲ್ಲ. ಮನೇಲಿ ಕೂತು ಕುಡಿಯೋಕೆ ನನಗೇನೋ ಕಮ್ಮಿ? ಮನೇಲೇ ಕೂತಿದೀನಲ್ಲ. ಆ ಗೆಜ್ಜೆ ಹತ್ತಿರ ನಿಂತು, ಹೋಗೋರು ಬರೋರನ್ನ ನೋಡ್ತಾ ಕುಡೀಬೇಕು ಅಂತ."

ಓದುಗ ಮಿತ್ರರೆ, ಸ್ತ್ರೀಸ್ವಾತಂತ್ರ್ಯದ ಪರವಾಗಿ ನಾನು ಗೆದ್ದ ಕಪ್ಪು ಇನ್ನೂ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿದೆ. ಒಬ್ಬ ಹೆಂಗಸು ಬೀದಿಯ ತಿರುವಿನ ತನಕ ಹೋಗಬೇಕೆಂದು ಬಯಸಿದಾಗ, ಆಕೆ ಹೋಗುವ ಅಗತ್ಯವೇ ಬೀಳದಂತೆ ಉಕ್ಕಿನಲ್ಲಿ ಒಂದು ಏರ್ಪಾಡು ಮಾಡಿಕೊಟ್ಟವನು ನಾನು. ಮಾವ ಒಂದು ಮಾತಿನಲ್ಲಿ ಮುಗಿಸಿದ್ದಕ್ಕೆ ನನಗೆ ಹಲ್ಲುಚಕ್ರಗಳು ಬೇಕಾದವು. ಆ ಏರ್ಪಾಡಿಗೆ ನಾನು ತೆಗೆದುಕೊಂಡ ಕಾಲದಲ್ಲಿ ಅವರ ಮಂಡಿಗಳು ಸವೆದವು; ನಾನು ಒಂದು ಮಾತು ಕೇಳಿದ್ದರೆ, ಮೊದಲನೆಯ ಮಾದರಿಗೆ ತಿರುಪು ಬಿಗಿಯುತ್ತಿದ್ದ ಎಷ್ಟೋ ಸಂಜೆ ಅವರು ತಾವಾಗಿಯೇ ನಡೆದು ಹೋಗಬಹುದಿತ್ತು. ಯಂತ್ರವನ್ನು ತಿದ್ದಬಹುದು. ಆ ಸಂಜೆಗಳನ್ನು ಯಾವ ಲೇತಿನಲ್ಲಿ ಕಡೆಸಿ ತರಲಿ?

ಅತ್ತೆಯೇ ಎದ್ದರು. "ಇಳಿದಿದ್ದಂತೂ ಆಯ್ತು. ಹತ್ತಿದ್ರೆ ಮತ್ತೆ ಇಳೀತೀನೋ ಇಲ್ವೋ. ನಡಿ, ಆ ತಿರುವಿನ ತನಕ."

ತೋಳು ಕೊಟ್ಟೆ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನೂ ಹಿಡಿದುಕೊಂಡೆ. ಅಷ್ಟು ಚಿಕ್ಕ ಬೀದಿ ಅಷ್ಟು ಉದ್ದವಿದೆಯೆಂದು ನನಗೆ ತಿಳಿದಿರಲಿಲ್ಲ. ಅತ್ತೆ ಒಂದೊಂದು ಅಂಗಡಿಯ ಮುಂದೆಯೂ ನಿಂತು ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಒಳಗೆ ಇಣುಕಿ ನೋಡಿದರು.

ಗಾಡಿಯ ಒಡತಿ ಸೆಲ್ವಿ, ನಡುವಯಸ್ಸಿನ ಹೆಂಗಸು. ಪ್ರಯೋಗಗಳಿಗೆ ಕಬ್ಬು ಬೇಕಾದಾಗಲೆಲ್ಲ ನನಗೆ ಒಳ್ಳೆಯ ಜಲ್ಲೆಗಳನ್ನು ಆರಿಸಿ ಕೊಟ್ಟವಳು. ನನ್ನನ್ನು ಕಂಡು ಎಂದಿನಂತೆ ನಗಲಿಲ್ಲ. "ಸಾರ್ ಭಾಷಣ ಇಲ್ಲೀವರೆಗೂ ಕೇಳಿಸ್ತು," ಎಂದಳು ತಮಿಳಿನಲ್ಲಿ. "ಮೈಕು ಚೆನ್ನಾಗಿದೆ." ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ ಹಿಂದುಮುಂದು ತಿರುಗಿಸಿದಳು. "ನೋಡಿ ಸಾರ್, ಸಾಕಾ? ಇನ್ನೊಂದು ಸಲ ತೊಳೀಲಾ?"

ಕ್ಷಮೆ ಕೇಳುವುದಕ್ಕೂ ನನಗೆ ಪೀಠಿಕೆ ಬೇಕು. ಅದನ್ನು ಹುಡುಕುತ್ತಿದ್ದಂತೆ ಅತ್ತೆ ನನ್ನ ತೋಳನ್ನು ಬಿಟ್ಟು ಗಾಡಿಯ ಅಂಚನ್ನು ಹಿಡಿದುಕೊಂಡರು. ನಾನು ಮುಂದೆ ಸರಿಸಿದ ಕುರ್ಚಿಯನ್ನು ನೋಡಲೂ ಇಲ್ಲ. "ಅವನು ಹಾಗೇನೇಮ್ಮ, ಚಿಕ್ಕಂದಿನಿಂದ. ಎದುರಿಗಿರೋರು ಕಾಣಿಸಲ್ಲ ಅವನಿಗೆ," ಎಂದರು ತಮ್ಮ ಬೀದಿಯ ತಮಿಳಿನಲ್ಲಿ. "ನನಗೆ ದೊಡ್ಡ ಲೋಟ. ಐಸ್ ಹಾಕು, ಜಾಸ್ತಿನೇ ಹಾಕು."

ಸೆಲ್ವಿಗೆ ಈಗ ನಗು ಬಂತು. ಜಲ್ಲೆಗಳು ಉರುಳೆಗಳ ನಡುವೆ ಹೋದವು, ಮಡಚಿಕೊಂಡು ಮತ್ತೆ ಹೋದವು; ಗೆಜ್ಜೆ ಅಷ್ಟು ಹತ್ತಿರದಲ್ಲಿ ಕಿವಿಗಡಚಿಕ್ಕುವಷ್ಟಿತ್ತು. ಅತ್ತೆ ಲೋಟವನ್ನು ಎತ್ತಿ ಸುರಿದುಕೊಳ್ಳಲಿಲ್ಲ, ಎಲ್ಲರಂತೆ ತುಟಿಗಿಟ್ಟು ಕುಡಿದರು. ನಿಧಾನವಾಗಿ ಕುಡಿದರು. ಆಟೋಗಳನ್ನು ನೋಡಿದರು, ಹೂ ಮಾರುವವಳನ್ನು ನೋಡಿದರು, ನಿಲ್ದಾಣದ ಕಡೆಯಿಂದ ಬರುವ ಆಫೀಸಿನ ಹುಡುಗಿಯರ ಗುಂಪನ್ನು, ಅವರು ತಿರುವು ದಾಟಿ ಮರೆಯಾಗುವ ತನಕ ನೋಡಿದರು. ಮೇಲ್ತುಟಿಯ ಮೇಲೆ ನೊರೆ ಉಳಿದಿತ್ತು, ಒರೆಸಿಕೊಳ್ಳಲಿಲ್ಲ. ಕಾಲುಗಳು ನಡುಗುತ್ತಿದ್ದವು. ಕೂತುಕೊಳ್ಳಿ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂತು, ನುಂಗಿದೆ. ನನ್ನ ಆಯುಷ್ಯದಲ್ಲಿ ಅದು ಸುಲಭವಾಗಿ ನುಂಗಿದ ಮಾತಲ್ಲ.

"ಇವನಿಗೂ ಒಂದು ಕೊಡಮ್ಮ," ಎಂದರು ಅತ್ತೆ, ನನ್ನ ಕಡೆ ತಿರುಗದೆ. "ಶುಂಠಿ ಚೆನ್ನಾಗಿ ಹಾಕು. ಇವನಿಗೆ ಅದು ಇಷ್ಟ."

ಶುಂಠಿ ನನಗೆ ಆಗುವುದಿಲ್ಲ, ಎದೆ ಉರಿಯುತ್ತದೆ. ಹಾಗೆಂದು ಹೇಳಲು ಬಾಯಿ ತೆರೆದೆ. ಸೆಲ್ವಿ ಲೋಟವನ್ನು ಚಾಚಿದ್ದಳು. ತೆಗೆದುಕೊಂಡು, ಅತ್ತೆಯ ಪಕ್ಕದಲ್ಲಿ ನಿಂತು ಕುಡಿದೆ.