ಸಲಿಕೆಗೆ ಬೀಳ್ಕೊಡುಗೆ

ಓಯ್ವ ಕುವೊಸ್ಮಾನೆನ್ ಹುಟ್ಟಿ ಬೆಳೆದದ್ದು ಸಾವೊ ಸೀಮೆಯ ಕುವೊಪಿಯೊ ಊರಿನಲ್ಲಿ. ಅಂದಮೇಲೆ ಅವನ ಬಾಯಿಂದ ಹೌದು ಎಂದಾಗಲಿ ಇಲ್ಲ ಎಂದಾಗಲಿ ನೇರವಾಗಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ನಮ್ಮ ಸಾವೊ ಸೀಮೆಯವರ ಹಣೆಬರಹವೇ ಅದು. ಬಸ್ಸು ಹೋಯಿತೇ ಎಂದು ಕೇಳಿದರೆ "ಹೋದ್ರೂ ಹೋಗಿರಬಹುದು" ಎನ್ನುತ್ತೇವೆ, ಅದು ಕಣ್ಣೆದುರೇ ತಿರುವು ದಾಟುತ್ತಿದ್ದರೂ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರು ಇಡೀ ಫಿನ್ಲೆಂಡಿನಲ್ಲಿಲ್ಲ. ಓಯ್ವನನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ.

ಮೂವತ್ತೆಂಟು ವರ್ಷ ಅವನು ಹಾಲಿನ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಮಾಡಿದ. ಬೆಳಗ್ಗೆ ಆರಕ್ಕೆ ಬಿಳಿ ಕೋಟು ತೊಟ್ಟು, ಒಂದು ಚಮಚ ಮಜ್ಜಿಗೆ ಬಾಯಿಗಿಟ್ಟು, ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿ, "ಕುಡೀಬಹುದು" ಎನ್ನುವುದೇ ಆ ಕೆಲಸ. ಒಳ್ಳೆಯ ಮಜ್ಜಿಗೆಗೂ ಅದೇ ಮಾತು, ಸುಮಾರಾದದ್ದಕ್ಕೂ ಅದೇ ಮಾತು. ಕೆಟ್ಟಿದ್ದರೆ "ಕುಡಿಯೋಕೆ ಏನು ಆತುರ" ಎನ್ನುತ್ತಿದ್ದ. ಅಷ್ಟು ಸಾಕು, ಎರಡು ಸಾವಿರ ಲೀಟರ್ ಚರಂಡಿಗೆ ಹೋಗುತ್ತಿತ್ತು. ಮದುವೆಯಾಗಲಿಲ್ಲ. ಒಮ್ಮೆ ಆಗುವಂತಿತ್ತಂತೆ, ಆದರೆ ಹುಡುಗಿಯ ಮನೆಯವರು ಕೇಳಿದಾಗ ಇವನು "ನೋಡೋಣ" ಎಂದನಂತೆ, ಅವರು ಆರು ವರ್ಷ ನೋಡಿ ಬೇರೆ ಕಡೆ ಕೊಟ್ಟರಂತೆ.

ಸಲಿಕೆ ಅವನ ಪಾಲಿಗೆ ಬಂದದ್ದು ಇಪ್ಪತ್ತಮೂರು ವರ್ಷದ ಹಿಂದೆ. ಗ್ರಂಥಾಲಯಗಳಲ್ಲಿ ಪುಸ್ತಕ ಎರವಲು ಕೊಡುವುದಕ್ಕೆ ಲೈನಾ ಎಂಬ ಒಂದು ತಂತ್ರಾಂಶವಿದೆ. ಯಾರ ಸ್ವತ್ತೂ ಅಲ್ಲದ್ದು, ಹಲವು ದೇಶದವರು ಬಿಟ್ಟಿಯಾಗಿ ದುಡಿದು ಕಟ್ಟಿದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಅದಕ್ಕೆ ಫಿನ್ನಿಶ್ ಕಲಿಸಲು ಕುವೊಪಿಯೊದಲ್ಲಿ ಒಂದು ಸಂಘ ಹುಟ್ಟಿತು. ಅನುವಾದ ಮಾಡುವ ಹವ್ಯಾಸಿಗಳು ದೇಶದ ಉದ್ದಗಲಕ್ಕೂ ಇದ್ದರು. ಅವರು ಕಳಿಸಿದ ಸಾಲುಗಳನ್ನು ಲೈನಾದೊಳಕ್ಕೆ ತುಂಬಲು ಒಂದು ಪುಟ್ಟ ಉಪಕರಣ ಬರೆದು, ಅದಕ್ಕೆ ಸಲಿಕೆ ಎಂದು ಹೆಸರಿಟ್ಟು, ಗ್ರಂಥಾಲಯದ ನೆಲಮಾಳಿಗೆಯ ಕಂಪ್ಯೂಟರಿನಲ್ಲಿ ಕೂರಿಸಿದರು. ಸಲಿಕೆ ಒಂದೊಂದೇ ಸಾಲು ತೋರಿಸುತ್ತದೆ, ಒಬ್ಬರು ಕೂತು ನೋಡಿ ಒಪ್ಪಬೇಕು. ಕೊನೆಗೆ "ಖಚಿತವೇ?" ಎಂದು ಕೇಳುತ್ತದೆ. ಹೌದು ಎಂಬ ಗುಂಡಿ ಒತ್ತಿದರೆ ಮುಗಿಯಿತು. ಬಾಯಲ್ಲಿ ಹೇಳಲಾಗದ ಹೌದನ್ನು ಓಯ್ವ ಪ್ರತಿ ಶುಕ್ರವಾರ ಬೆರಳಲ್ಲಿ ಹೇಳುತ್ತಿದ್ದ. ಮಧ್ಯಾಹ್ನ ಮೂರಕ್ಕೆ ನೆಲಮಾಳಿಗೆಗೆ ಇಳಿದರೆ ಮೇಲೆ ಬರುವುದು ಏಳಕ್ಕೆ. ಬಂದ ಮೇಲೆ ಸಂಘದ ಕಾರ್ಯದರ್ಶಿ ತೈಸ್ತೊನಿಂದ ಎರಡು ಪದದ ಓಲೆ ಬರುತ್ತಿತ್ತು: "ತಲುಪಿತು. ಧನ್ಯವಾದ."

ಮೊದಲ ಹತ್ತು ವರ್ಷ ಅವನಿಗೆ ಅದು ಹಿಡಿಸಿತ್ತು. ಆಮೇಲೆ ಸಾಕಾಯಿತು. ನಿವೃತ್ತಿಯಾದ ಮೇಲಂತೂ ನೆಲಮಾಳಿಗೆಯ ಮೆಟ್ಟಿಲು ಕಂಡರೆ ಹಾಗೇ ಮನೆಗೆ ತಿರುಗೋಣ ಎನ್ನಿಸುತ್ತಿತ್ತು. ಆದರೆ ಬಿಡುವುದು ಹೇಗೆ? ತಾನು ಬಿಟ್ಟರೆ ಇಡೀ ದೇಶದ ಗ್ರಂಥಾಲಯಗಳು ರಾತ್ರೋರಾತ್ರಿ ಇಂಗ್ಲಿಷಿಗೆ ಜಾರುತ್ತವೆ ಎಂದು ಅವನು ನಂಬಿದ್ದ. ಸಂಘದವರಿಗೆ ತಾನೇ ಗತಿ. ಪಾಪ, ಅವರನ್ನು ನಡುನೀರಿನಲ್ಲಿ ಕೈಬಿಡುವುದೇ?

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಇರ್ಮೆಲಿಯ ವಿಷಯ ಬರುತ್ತದೆ.

ಇರ್ಮೆಲಿ ಓಯ್ವ ಇರುವ ಕಟ್ಟಡದಲ್ಲೇ ಕೆಳಗಿನ ಮನೆಯವಳು, ಮೊದಲು ನೂಲಿನ ಅಂಗಡಿ ಇಟ್ಟಿದ್ದವಳು, ಗಂಡ ಹೋಗಿ ಹನ್ನೆರಡು ವರ್ಷ. ಕಟ್ಟಡದ ಬಟ್ಟೆ ಕೋಣೆಯಲ್ಲಿ ಚಾದರಗಳ ಸುಕ್ಕು ತೆಗೆಯುವ ಉರುಳೆ ಯಂತ್ರವಿದೆ. ಅದಕ್ಕೆ ಚಾದರ ಕೊಡುವ ಮೊದಲು ಇಬ್ಬರು ಎರಡು ಕಡೆ ಹಿಡಿದು ಎಳೆಯಬೇಕು, ಮಡಿಸಬೇಕು, ಹತ್ತಿರ ಬರಬೇಕು, ಮತ್ತೆ ದೂರ ಹೋಗಬೇಕು. ಬುಧವಾರ ಬುಧವಾರ ಇವರಿಬ್ಬರೂ ಅದನ್ನು ಮಾಡುತ್ತಿದ್ದರು. ಓಯ್ವನಿಗೆ ಒಬ್ಬನಿಗೆ ಅಷ್ಟು ಚಾದರ ಕೊಳೆಯಾಗುವ ಕಾರಣವೇ ಇರಲಿಲ್ಲ. ಒಗೆದದ್ದನ್ನೇ ಒಗೆಯುತ್ತಿದ್ದ.

ಆಗಸ್ಟಿನ ಒಂದು ಬುಧವಾರ ಚಾದರದ ಆ ತುದಿಯಿಂದ ಇರ್ಮೆಲಿ ಹೇಳಿದಳು, "ಕಾರ್ಮಿಕರ ಭವನದಲ್ಲಿ ಟ್ಯಾಂಗೊ ಕುಣಿತ ಕಲಿಸ್ತಾರಂತೆ. ಶುಕ್ರವಾರ ಸಂಜೆ ಆರಕ್ಕೆ. ಜೋಡಿಯಾಗಿ ಬರಬೇಕಂತೆ."

"ಓಹೋ," ಎಂದ ಓಯ್ವ.

"ಓಹೋ ಅಂದ್ರೆ ಬರ್ತೀಯ?"

"ಶುಕ್ರವಾರ ಸಲಿಕೆ ಇರುತ್ತಲ್ಲ."

"ಹೋದ ವರ್ಷನೂ ಇತ್ತು. ಅದರ ಹಿಂದಿನ ವರ್ಷನೂ ಇತ್ತು. ಏನು ಅಗೀತಿದೀಯ ಓಯ್ವ, ಸುರಂಗಾನಾ?"

ಓಯ್ವ ಚಾದರದ ಅಂಚು ಸರಿಮಾಡಿದ. ಇರ್ಮೆಲಿ ತನ್ನ ಕಡೆಯ ತುದಿ ಬಿಡಲಿಲ್ಲ.

"ನನಗೆ ಅರವತ್ತಾರು. ಈ ಮೊಣಕಾಲು ಇನ್ನೆಷ್ಟು ವರ್ಷ ಹೇಳಿದ ಮಾತು ಕೇಳುತ್ತೋ ಗೊತ್ತಿಲ್ಲ. ಸೆಪ್ಟೆಂಬರ್ ಮೊದಲ ಶುಕ್ರವಾರ ನಾನು ಅಲ್ಲಿರ್ತೀನಿ. ನೀನು ಬರದಿದ್ರೆ ನಮ್ಮ ಕಟ್ಟಡದ ಬಿ ಮೆಟ್ಟಿಲ ಕಡೆಯ ಮನೆಯ ವಿಲ್ಹೊ ಬರ್ತಾನೆ, ಅವನ ಶುಕ್ರವಾರ ಖಾಲಿ ಇದೆ. ಮುಂದಿನ ವರ್ಷ ನಾನು ಕೇಳಲ್ಲ."

ಇರ್ಮೆಲಿಯೂ ಸಾವೊದವಳೇ. ಇಷ್ಟನ್ನು ನೇರವಾಗಿ ಆಡಲು ಅವಳಿಗೆ ಎಷ್ಟು ವರ್ಷ ಹಿಡಿದಿರಬೇಡ! ಬರುತ್ತೇನೆ, ಖಂಡಿತ ಬರುತ್ತೇನೆ ಎಂದು ಓಯ್ವನ ಮೈಯೆಲ್ಲ ಕೂಗುತ್ತಿತ್ತು. ಬಾಯಿ ಮಾತ್ರ "ಹವಾ ಹೇಗಿರುತ್ತೋ ನೋಡ್ಬೇಕು" ಎಂದಿತು. ಆ ಬಾಯಿಗಿಷ್ಟು ಮಣ್ಣು ಹಾಕ!

ಅದೇ ವಾರ ದೇವರು ಕಣ್ಣು ಬಿಟ್ಟ. ಗ್ರಂಥಾಲಯದ ಕಟ್ಟಡದಲ್ಲಿ ನೀರಿನ ಕೊಳವೆ ಬದಲಿಸುತ್ತಾರೆ, ನೆಲಮಾಳಿಗೆ ಪೂರ್ತಿ ಖಾಲಿಯಾಗಬೇಕು ಎಂದು ನೋಟಿಸು ಬಂತು. ಸಂಘದ ಅಧ್ಯಕ್ಷೆ ತೂಲಿಯಾ ಎಲ್ಲರಿಗೂ ಬರೆದಳು: "ಸಲಿಕೆಯ ಭವಿಷ್ಯ ಕುರಿತು ಸಭೆ. ಕಾಫಿ, ಕೇಕು ಇರುತ್ತದೆ." ದಿನ ಸೆಪ್ಟೆಂಬರ್ ಮೊದಲ ಶುಕ್ರವಾರ, ಸಂಜೆ ನಾಲ್ಕು. ಕೇಕು ಎಂದರೆ ಬೀಳ್ಕೊಡುಗೆ, ಇಷ್ಟು ಯಾರಿಗೆ ತಿಳಿಯದು? ಸಲಿಕೆಯ ಕಥೆ ಮುಗಿಯಿತು ಎಂದು ಓಯ್ವ ಕುಣಿಯದಿದ್ದದ್ದೇ ಹೆಚ್ಚು. ಬೂಟು ಪಾಲಿಶ್ ಮಾಡಿದ. ಇದ್ದ ಒಂದೇ ಕಪ್ಪು ಸೂಟನ್ನು ಗಾಳಿಗೆ ಹಾಕಿದ. ಐದಕ್ಕೆ ಸಭೆ ಮುಗಿದರೂ ಭವನಕ್ಕೆ ಹತ್ತು ನಿಮಿಷದ ದಾರಿ.

ಸಭೆಗೆ ಬಂದವರು ನಾಲ್ಕು ಜನ: ತೂಲಿಯಾ, ತೈಸ್ತೊ, ಖಜಾಂಚಿ ಹೆಂಗಸು ಮತ್ತು ಓಯ್ವ. ನಾಲ್ಕೇ ಜನ ಎಂದು ವಿಧಿ ಬಿಡಲಾದೀತೇ? ಸಭೆ ಶುರುವಾಯಿತೆಂದು ಘೋಷಿಸಿದರು. ಸಭೆ ಕ್ರಮಬದ್ಧವೆಂದು ಒಪ್ಪಿದರು. ಸಭೆಗೊಬ್ಬ ಅಧ್ಯಕ್ಷರನ್ನು ಆರಿಸಬೇಕೆಂದು ಅಧ್ಯಕ್ಷೆಯೇ ಹೇಳಿ, ಅವಳನ್ನೇ ಆರಿಸಿದರು. ನಡಾವಳಿ ಬರೆಯುವವನು ತೈಸ್ತೊ, ಅವನು ಬರೆದದ್ದನ್ನು ಪರಿಶೀಲಿಸುವವರು ಉಳಿದಿಬ್ಬರು. ಹೋದ ಸಭೆಯ ನಡಾವಳಿಯನ್ನು ಓದಿದರು. ಅದರಲ್ಲಿ ಅದರ ಹಿಂದಿನ ಸಭೆಯ ನಡಾವಳಿ ಓದಲಾಯಿತೆಂದು ಬರೆದಿತ್ತು. ಇಷ್ಟಾಗುವಷ್ಟರಲ್ಲಿ ಗಡಿಯಾರ ಐದೂವರೆ ತೋರಿಸುತ್ತಿತ್ತು.

ಮೇಜಿನ ಮೇಲೆ ಕೇಕಿತ್ತು, ಅದರ ಮೇಲೆ ಸಕ್ಕರೆಯಲ್ಲಿ ಬರೆದ ಸಲಿಕೆ. ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ. ಎಷ್ಟೇ ಕಾಗದ ಸುತ್ತಿದರೂ ಅದು ಹಿಮ ಎತ್ತುವ ಸಲಿಕೆಯೇ ಎಂದು ಕುರುಡನಿಗೂ ತಿಳಿಯುವಂತಿತ್ತು.

ತೂಲಿಯಾ ಎದ್ದು ನಿಂತಳು. "ಇವತ್ತು ನಾವು ಸೇರಿರೋದು..." ಎಂದಳು. ಅಷ್ಟರಲ್ಲಿ ಓಯ್ವನ ಕಡೆ ನೋಡಿದಳು. ಕಪ್ಪು ಸೂಟು, ಬಿಳಿ ಅಂಗಿ, ಹೊಳೆಯುವ ಬೂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಮುಖದಲ್ಲಿ ಎಂಥದೋ ತಳಮಳ. ಕಣ್ಣು ಗೋಡೆಯ ಗಡಿಯಾರಕ್ಕೆ ಅಂಟಿಕೊಂಡಿತ್ತು. ಅವಳು ಕೂತು ತೈಸ್ತೊನ ಕಿವಿಯಲ್ಲಿ ಹೇಳಿದಳು, "ಸಾವಿಗೆ ಬಂದಂಗೆ ಬಂದಿದಾನಲ್ಲೋ."

"ಹಂಗೂ ಇರಬಹುದು," ಎಂದ ತೈಸ್ತೊ.

ತೂಲಿಯಾ ಮತ್ತೆ ಎದ್ದಳು. ಕೈಯಲ್ಲಿದ್ದ ಭಾಷಣವನ್ನು ಮಡಿಸಿ ಜೇಬಿಗಿಟ್ಟಳು. "ಓಯ್ವ, ಮನುಷ್ಯನಿಗಿಂತ ಕೊಳವೆ ದೊಡ್ಡದಲ್ಲ. ನಾನೊಂದು ಸೂಚನೆ ಇಡ್ತೀನಿ. ಸಲಿಕೆಯ ಕಂಪ್ಯೂಟರನ್ನ ನಿನ್ನ ಮನೆಗೇ ಸಾಗಿಸೋಣ. ಊಟದ ಕೋಣೆಯಲ್ಲಿ ಹಿಡಿಯುತ್ತೆ. ಜೀವ ಇರೋವರೆಗೂ ನಿನ್ನ ಶುಕ್ರವಾರ ಯಾರೂ ಕಿತ್ಕೊಳ್ಳಲ್ಲ."

"ಹಾಗಾದ್ರೆ ಉಡುಗೊರೆ ಎತ್ತಿಡ್ಬಹುದು," ಎಂದಳು ಖಜಾಂಚಿ. "ಕಾಗದ ಹರಿದಿಲ್ಲ ಇನ್ನೂ."

ಓಯ್ವ ಕುರ್ಚಿಯ ಅಂಚಿಗೆ ಸರಿದ. ಜೀವ ಇರೋವರೆಗೂ! ಗಡಿಯಾರ ಐದು ಮುಕ್ಕಾಲು ತೋರಿಸುತ್ತಿತ್ತು. ಅಲ್ಲಿ ಭವನದಲ್ಲಿ ದೀಪ ಹಾಕಿರುತ್ತಾರೆ, ಇರ್ಮೆಲಿ ಕೋಟು ಬಿಚ್ಚಿ ಮೊಳೆಗೆ ಹಾಕಿರುತ್ತಾಳೆ, ಆ ವಿಲ್ಹೊ ಮೀಸೆ ತೀಡುತ್ತಾ ಬಾಗಿಲಲ್ಲಿ ನಿಂತಿರುತ್ತಾನೆ. ಇಲ್ಲಿ ಮೂರು ಜನ ಕಣ್ತುಂಬಿಕೊಂಡು ಇವನ ಊಟದ ಕೋಣೆ ಅಳೆಯುತ್ತಿದ್ದಾರೆ.

"ವಿರೋಧ ಯಾರದ್ದಾದ್ರೂ ಇದೆಯಾ?" ತೂಲಿಯಾ ಮರದ ಸುತ್ತಿಗೆ ಎತ್ತಿದಳು. ನಮ್ಮಲ್ಲಿ ಈ ಪ್ರಶ್ನೆಗೆ ಯಾರೂ ಯಾವತ್ತೂ ಉತ್ತರ ಕೊಟ್ಟಿಲ್ಲ. ಸುತ್ತಿಗೆ ಬೀಳುವುದಕ್ಕೆ ಮೊದಲು ಉಸಿರು ಬಿಡಲು ಇರುವ ಜಾಗ ಅದು, ಅಷ್ಟೇ.

"ಬೇಡ," ಎಂದ ಓಯ್ವ.

ಸುತ್ತಿಗೆ ಗಾಳಿಯಲ್ಲೇ ನಿಂತಿತು. ತೈಸ್ತೊ ನಡಾವಳಿಯಲ್ಲಿ ಏನು ಬರೆಯಬೇಕೆಂದು ತೋಚದೆ ಪೆನ್ನು ಕೆಳಗಿಟ್ಟ.

"ಬೇಡ ಅಂದ್ರೆ... ಈಗ್ಲೇ ಬೇಡ ಅಂತಾನಾ?" ತೂಲಿಯಾ ಮೆಲ್ಲಗೆ ಕೇಳಿದಳು.

"ಯಾವತ್ತೂ ಬೇಡ. ನನಗೆ ಸಾಕಾಗಿದೆ. ಹದಿಮೂರು ವರ್ಷದಿಂದ ಸಾಕಾಗಿದೆ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆಮೇಲೆ ತೈಸ್ತೊ, ಅರವತ್ತು ದಾಟಿದ ಗಂಡಸು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದಂತೆ ಅಲ್ಲಾಡತೊಡಗಿದ. "ದೇವರು ದೊಡ್ಡವನು. ಇನ್ನು ಗುರುವಾರ ಗುರುವಾರ ಕಟ್ಟಿ ಕಳಿಸೋದು ತಪ್ಪಿತು."

"ಏನು ಕಟ್ಟಿ ಕಳಿಸೋದು?" ಎಂದ ಓಯ್ವ.

ತೂಲಿಯಾ ತೈಸ್ತೊನ ಕಾಲು ತುಳಿದಳು. ಆದರೆ ಏಳು ವರ್ಷದಿಂದ ಕಟ್ಟಿಟ್ಟದ್ದು ಕಾಲು ತುಳಿದರೆ ನಿಲ್ಲುತ್ತದೆಯೇ? ತೈಸ್ತೊ ಎಲ್ಲವನ್ನೂ ಹೇಳಿಬಿಟ್ಟ. ಏಳು ವರ್ಷದ ಹಿಂದೆಯೇ ಹೊಸ ಏರ್ಪಾಡು ಬಂದಿತ್ತು. ಅನುವಾದ ಮಾಡುವವರು ತಮ್ಮ ಸಾಲನ್ನು ನೇರ ಅಂತರ್ಜಾಲದ ಪುಟದಲ್ಲಿ ತುಂಬುತ್ತಾರೆ, ಅದು ತಾನಾಗಿಯೇ ಲೈನಾಗೆ ಹೋಗಿ ಕೂರುತ್ತದೆ. ಸಲಿಕೆ ಬೇಕಾಗಿಯೇ ಇರಲಿಲ್ಲ. ಹಾಗೆ ಆಗಲೇ ಒಳಗೆ ಹೋಗಿ ಕೂತ ಸಾಲುಗಳನ್ನು ತೈಸ್ತೊ ಪ್ರತಿ ಗುರುವಾರ ಮತ್ತೆ ಹೊರತೆಗೆದು, ಹಳೆಯ ಮಾದರಿಯಲ್ಲಿ ಕಟ್ಟಿ, ಹವ್ಯಾಸಿಗಳೇ ಕಳಿಸಿದಂತೆ ಓಯ್ವನಿಗೆ ರವಾನಿಸುತ್ತಿದ್ದ. ಓಯ್ವ ಶುಕ್ರವಾರ ಅವನ್ನು ಒಂದೊಂದಾಗಿ ಪರೀಕ್ಷಿಸಿ, ಖಚಿತವೆಂದು ಗುಂಡಿ ಒತ್ತಿ, ಯಾರೂ ತೆರೆಯದ ಒಂದು ಕಡತಕ್ಕೆ ಸುರಿಯುತ್ತಿದ್ದ. ತೈಸ್ತೊ ಅದಕ್ಕೆ ಧನ್ಯವಾದ ಹೇಳುತ್ತಿದ್ದ.

"ನಿನ್ನನ್ನ ಕೇಳಿದ್ದೆ ನಾನು," ಎಂದಳು ತೂಲಿಯಾ, ಅಳು ಧ್ವನಿಯಲ್ಲಿ. "ಆಗ್ಲೇ ಕೇಳಿದ್ದೆ, ಸಲಿಕೆ ಇನ್ನೂ ಬೇಕಾ ಅಂತ. ನೀನು 'ಇದ್ರೆ ಇರಲಿ ಅದರ ಪಾಡಿಗೆ' ಅಂದೆ. ನಿನಗೆ ಅದೇ ಪ್ರಾಣ ಅಂದ್ಕೊಂಡ್ವಿ. ಹೇಳಿದ್ರೆ ನೊಂದ್ಕೋತೀಯ ಅಂತ..."

ಓಯ್ವನಿಗೆ ಸಿಟ್ಟು ಬಂತು. ಜನ್ಮದಲ್ಲಿ ಬಾರದಂಥ ಸಿಟ್ಟು. ಮುನ್ನೂರ ಅರವತ್ತಕ್ಕೂ ಮೇಲೆ ಶುಕ್ರವಾರಗಳು! ಮುಖದ ಮೇಲೆ ಹೇಳಿಬಿಡಬಾರದಿತ್ತೇ, ಬಾಯಿಗೇನು ಬೀಗ ಜಡಿದಿತ್ತೇ, ಎಂದು ಕೂಗಬೇಕೆಂದು ಬಾಯಿ ತೆರೆದ. ಆದರೆ ಆ ಪ್ರಶ್ನೆಯನ್ನು ಅವನು ಯಾರಿಗೆ ಕೇಳಬೇಕು? ಅವರು ಇವನ ಮನಸ್ಸು ನೋಯದಿರಲೆಂದು ಏಳು ವರ್ಷ ಸುಳ್ಳು ಹೇಳಿದರು. ಇವನು ಅವರ ಮನಸ್ಸು ನೋಯದಿರಲೆಂದು ಹದಿಮೂರು ವರ್ಷ ನಿಜ ಹೇಳಲಿಲ್ಲ. ಇಂಥ ಒಳ್ಳೆಯವರು ನಾಲ್ಕು ಜನ ಸೇರಿದರೆ ಒಂದು ಊರನ್ನೇ ಮುಳುಗಿಸಬಹುದು.

ಗಡಿಯಾರ ಆರು ಹೊಡೆಯಿತು. ಅವನು ಎದ್ದ. ಕೇಕಿಗೆ ಕೈ ಹಾಕಲಿಲ್ಲ. ಖಜಾಂಚಿ ಬಾಗಿಲವರೆಗೆ ಓಡಿ ಬಂದು ಉಡುಗೊರೆಯನ್ನು ಕೈಗೆ ತುರುಕಿದಳು. "ಇದು ನಿನ್ನದೇ, ತಗೋ," ಎಂದಳು. ವಾದ ಮಾಡಲು ಹೊತ್ತಿರಲಿಲ್ಲ. ಅರವತ್ತೇಳು ವರ್ಷದ ಓಯ್ವ ಕಪ್ಪು ಸೂಟಿನಲ್ಲಿ ಸಲಿಕೆ ಹೊತ್ತು ಮಾರುಕಟ್ಟೆ ಚೌಕವನ್ನು ಅಡ್ಡ ದಾಟಿ ಓಡಿದ. ಬಣ್ಣದ ಕಾಗದ ದಾರಿಯುದ್ದಕ್ಕೂ ಕಳಚಿ ಬಿತ್ತು. ಹಿಡಿಯ ಮೇಲೆ ಕೊರೆಸಿದ ಅಕ್ಷರ ಕಂಡಿತು: "ಇಪ್ಪತ್ತಮೂರು ವರ್ಷದ ನಿಷ್ಠೆಗೆ."

ಭವನದ ಬಾಗಿಲಲ್ಲಿ ಚೀಟಿ ಹರಿಯುವ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಿಮ ಬೀಳೋಕೆ ಇನ್ನೂ ಎರಡು ತಿಂಗಳಿದೆ," ಎಂದಳು. ಸಲಿಕೆಯನ್ನು ಇಸಿದುಕೊಂಡು, ಕೋಟುಗಳ ಸಾಲಿನಲ್ಲಿ ಒರಗಿಸಿ, ಅದಕ್ಕೂ ಒಂದು ನಂಬರಿನ ಬಿಲ್ಲೆ ಕೊಟ್ಟಳು.

ಮೊದಲ ಕುಣಿತ ಮುಗಿದಿತ್ತು. ಇರ್ಮೆಲಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದಳು. ಪಕ್ಕದ ಕುರ್ಚಿಯ ಮೇಲೆ ಅವಳ ಕೈಚೀಲವಿತ್ತು. ವಿಲ್ಹೊ ಅಷ್ಟು ದೂರದಲ್ಲಿ ಹಣ್ಣಿನ ರಸಕ್ಕೆ ಸಾಲಿನಲ್ಲಿ ನಿಂತಿದ್ದ.

"ಈಗ ಬಂದ್ಯಾ," ಎಂದಳು. "ಇಷ್ಟು ವರ್ಷ ಎಲ್ಲಿ ಹೋಗಿದ್ದೆ?"

"ಏನೂ ಇಲ್ಲದ ಕಡೆ ಸಲಿಕೆ ಹಾಕ್ತಾ ಇದ್ದೆ." ಓಯ್ವನಿಗೆ ಏದುಸಿರು. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. "ಇರ್ಮೆಲಿ, ನನಗೆ ನಿನ್ನ ಜೊತೆ ಕುಣೀಬೇಕು. ಇವತ್ತು. ಮುಂದಿನ ಶುಕ್ರವಾರ. ಆಮೇಲಿನ ಶುಕ್ರವಾರಗಳೂ ಎಲ್ಲ. ನನಗೆ ನೀನಂದ್ರೆ ಇಷ್ಟ. ನನ್ನ ಚಾದರ ಯಾವತ್ತೂ ಕೊಳೆ ಇರಲಿಲ್ಲ."

ಇರ್ಮೆಲಿ ಅವನನ್ನು ನೋಡಿದಳು. ಆಮೇಲೆ ಕಿಟಕಿಯಾಚೆ ನೋಡಿದಳು.

"ಆದ್ರೂ ಆಗಬಹುದು," ಎಂದಳು ಕೊನೆಗೆ. "ಆಗ್ದೇನೂ ಇರಬಹುದು."

ಈ ಮಾತನ್ನು ಓಯ್ವ ಜನ್ಮವಿಡೀ ಇನ್ನೊಬ್ಬರಿಗೆ ಕೊಟ್ಟಿದ್ದ, ತಾನೇ ತೆಗೆದುಕೊಂಡದ್ದು ಇದೇ ಮೊದಲು. ಎದೆಯಲ್ಲಿ ಎಲ್ಲಿ ಹೋಗಿ ತಾಗುತ್ತದೆ ಅದು ಎಂದು ಅವನಿಗೆ ಆವತ್ತು ತಿಳಿಯಿತು. ಹುಡುಗಿಯ ಮನೆಯವರು ಆರು ವರ್ಷ ಹೇಗೆ ಕಾದರೋ ಎಂದು ಬೆರಗಾಯಿತು, ನಾಚಿಕೆಯಾಯಿತು.

ಇರ್ಮೆಲಿ ಪಕ್ಕದ ಕುರ್ಚಿಯಿಂದ ಕೈಚೀಲವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಓಯ್ವ ಕೂತ.

ವಿಲ್ಹೊ ಎರಡು ಲೋಟ ಹಿಡಿದು ಬಂದ. ಕುರ್ಚಿ ನೋಡಿದ, ಓಯ್ವನನ್ನು ನೋಡಿದ, ಎರಡೂ ಲೋಟಗಳನ್ನು ಅವರ ಕೈಗೆ ಕೊಟ್ಟು, ಗೋಡೆಗೆ ಒರಗಿ ನಿಂತ. ಒಂದು ಮಾತೂ ಆಡಲಿಲ್ಲ. ಅವನೂ ನಮ್ಮ ಸೀಮೆಯವನೇ.