ಅಣು ಮೋಡ

೨೦೨೩ರಲ್ಲಿ ನಾನು ನವಲಗುಂದ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಂತಿಮ ವರ್ಷದ ರುಬಿನಾ ಯಮನೂರಿನವಳು. ವೀಕ್ಷಣಾಲಯವೊಂದರ ಬೇಸಿಗೆ ತರಬೇತಿಗೆ ಜಿಲ್ಲೆಯಿಂದ ಒಬ್ಬರನ್ನು ಆರಿಸುವುದಿತ್ತು. ಅದು ತನಗೇ ಸಿಗಬೇಕೆಂದು ಅವಳು ಹಟ ಹಿಡಿದಿದ್ದಳು.

ನಕ್ಷತ್ರಗಳು ಹುಟ್ಟುವುದು ಅನಿಲ, ದೂಳು ತುಂಬಿದ ಬೃಹತ್ ಮೋಡಗಳಲ್ಲಿ. ಮಾಮೂಲಿ ಬೆಳಕಿನ ಚಿತ್ರದಲ್ಲಿ ಅಲ್ಲಿ ಕಾಣುವುದು ಬರೀ ಕಪ್ಪು ಕಲೆ. ಇನ್‌ಫ್ರಾರೆಡ್, ಅಂದರೆ ಕಾವಿನ ಕಿರಣ, ಆ ದೂಳನ್ನು ದಾಟಿ ಬರುತ್ತದೆ. ಬಾಹ್ಯಾಕಾಶ ದೂರದರ್ಶಕದ ಅಂಥ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ಅವನ್ನಿಟ್ಟುಕೊಂಡು ರುಬಿನಾ ಒಂದು ಮೋಡದೊಳಗೆ, ಸೂರ್ಯನ ಎಂಟು ಪಟ್ಟಿಗೂ ಮಿಕ್ಕಿ ತೂಗುವ ಎಳೆಯ ನಕ್ಷತ್ರಗಳನ್ನು ಗುರುತಿಸಿದ್ದಳು.

"ಅಮ್ಮಿ ಬೂದಿ ಮ್ಯಾಲ ಅಂಗೈ ಹಿಡದು, ಒಳಗ ಕೆಂಡ ಐತಿ ಅಂತಾಳಲ್ರಿ ಸರ್, ಇದೂ ಹಂಗ ರೀ," ಎಂದಿದ್ದಳು.

ಆಯ್ಕೆಗೆ ಕೊಡಬೇಕಿದ್ದ ವರದಿ ಕನ್ನಡದಲ್ಲೇ ಬರೆದಳು. ಇಂಥ ಮೋಡದ ಇಂಗ್ಲಿಷ್ ಹೆಸರಾದ ಮಾಲಿಕ್ಯುಲರ್ ಕ್ಲೌಡ್‌ಗೆ 'ಅಣು ಮೋಡ' ಎಂದು ಹೇಳಿಕೊಟ್ಟವನು ನಾನು; ಅದನ್ನೇ ಅವಳು ಶೀರ್ಷಿಕೆಯಲ್ಲಿಟ್ಟಳು. ಶಾಲೆಯ ಪುಸ್ತಕದಲ್ಲಿ ಅಣು ಎಂದರೆ ಮಾಲಿಕ್ಯೂಲ್, ಪರಮಾಣು ಎಂದರೆ ಆಟಮ್. ಪತ್ರಿಕೆಯವರು ಮಾತ್ರ ಆಟಂ ಬಾಂಬನ್ನು ಅಣುಬಾಂಬ್ ಎನ್ನುತ್ತಾರೆ.

ಧಾರವಾಡದಲ್ಲಿ ಸಂದರ್ಶನ. ಮಾರ್ಗದರ್ಶಕನಾಗಿ ನಾನೂ ಒಳಗಿದ್ದೆ. ಆಯ್ಕೆ ಸಮಿತಿಯ ಅಧ್ಯಕ್ಷರು ಶೀರ್ಷಿಕೆ ಓದಿದರು, ಅವಳ ಹೆಸರು ಓದಿದರು, ಮತ್ತೆ ಶೀರ್ಷಿಕೆ ನೋಡಿದರು.

"ಅಣುಬಾಂಬಿನ ಮೋಡ ನಿನಗ್ಯಾಕ ಬೇಕಾತವಾ?"

ಬಾಜು ಕೂತವರು ನಕ್ಕರು.

"ಬಾಂಬ್ ಅಲ್ರಿ ಸರ್, ಮಾಲಿಕ್ಯೂಲ್ ರೀ," ಎಂದಳು ರುಬಿನಾ.

"ಇರಲಿ. ಈಗಿನ ಕಾಲದಾಗ ನಿಮ್ಮಂಥವ್ರಿಗೆ ಇಂಥಾ ವಿಷಯ ಬ್ಯಾಡ."

ನನಗೆ ಮೈಯೆಲ್ಲ ಉರಿಯಿತು. "ಹೋದ ವರ್ಷ ನಾನ ಕರಕೊಂಡು ಬಂದ ಕುಂದಗೋಳದ ಹುಡುಗ 'ಅಣುಗಳ ಚಲನೆ' ಅಂತ ಬರದು ತಂದಿದ್ದ. ಅವಂಗ್ಯಾಕ ಬಾಂಬಿನ ಮಾತು ಕೇಳಲಿಲ್ರಿ?"

"ಅದು ಬ್ಯಾರೆ."

"ಏನ ಬ್ಯಾರೆ? ಬಾಯಿಬಿಟ್ಟು ಹೇಳ್ರಿ."

ಅಧ್ಯಕ್ಷರು ಮುಂದಿನ ಹೆಸರು ಕೂಗಿಸಿದರು. ಅಣು ಎಂದರೇನು ಎಂಬುದು ಗೊತ್ತಿಲ್ಲದವರೇನಲ್ಲ ಅವರು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆಯ ಸೋಗು ಹಾಕಿದವರನ್ನು ಎಬ್ಬಿಸುವುದು ಹೇಗೆ? ಸಂಜೆ ಆಯ್ಕೆಯಾದವರ ಹೆಸರು ಹೇಳಿದರು, ರುಬಿನಾಳದಲ್ಲ. ಆಮೇಲೆ ನಾನು ಕೊಟ್ಟ ದೂರಿಗೆ ಇಂದಿಗೂ ಉತ್ತರವಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. "ಸರ್, ಇನ್ನೊಮ್ಮೆ ಬರದ್ರ ಬರೇ 'ಮೋಡ' ಅಂತ ಬರೀತೀನ್ರಿ," ಎಂದಳು.

ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನಾನು ಕಲಿತದ್ದು ಇದು. ಸರಿಯಾದ ಪದ ಬಳಸುವುದನ್ನು ಕಲಿಸಲು ನಮಗೆ ವರ್ಷಗಟ್ಟಲೆ ಬೇಕು. ಆ ಪದಕ್ಕೆ ಹೆದರುವುದನ್ನು ಕಲಿಸಲು ಅಂಥವರ ಒಂದು ನಗು ಸಾಕು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.